ಬೆಳ್ಳಿಯ ತೂಕ, ನಾಣ್ಯದ ದರ್ಜೆ ಮತ್ತು ನಮ್ಮ ಝಕಾತ್

ಸಾಗರ, ಹೊಸನಗರ, ತೀರ್ಥಹಳ್ಳಿಯ ಜನರಿಗೆ ದರ್ಜೆ ಎಂದರೇನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಒಂದೇ ತೋಟದ ಅಡಿಕೆಯಾದರೂ ಸರಕಿಗೊಂದು ದರ, ಬೆಟ್ಟೆಗೊಂದು ದರ, ರಾಶಿ ಇಡಿಗೆ ಇನ್ನೊಂದು, ಗೊರಬಲಿಗೆ ಮತ್ತೊಂದು. ಆದರೆ ಮಂಡಿಯಲ್ಲಿ ಚೀಲ ಬಿಚ್ಚಿದಾಗ ಮಾರುವವನೂ ಕೊಳ್ಳುವವನೂ ಅದೇ ಅಡಿಕೆಯನ್ನು ಕಣ್ಣಾರೆ ಕಾಣುತ್ತಾರೆ, ಕೈಯಲ್ಲಿ ಹಿಡಿದು ನೋಡುತ್ತಾರೆ. ಈಗ ಬೆಳ್ಳಿ ನಾಣ್ಯಗಳಿಗೂ ಇಂಥದೇ ದರ್ಜೆ ಬಂದಿದೆ. ಪ್ಲಾಸ್ಟಿಕ್ ಕವಚದೊಳಗೆ ಭದ್ರಪಡಿಸಿ, ಮೇಲೊಂದು ಅಂಕೆ ಬರೆದ ಅಮೆರಿಕದ ಹಳೆಯ ಬೆಳ್ಳಿ ಡಾಲರ್‌ಗಳು, ವಿಕ್ಟೋರಿಯಾ ರಾಣಿಯ ರೂಪಾಯಿಗಳು ಮೊಬೈಲ್ ಪರದೆಯ ಮೂಲಕ ನಮ್ಮ ಮನೆಗಳಿಗೆ ಬರುತ್ತಿವೆ. (ನಮ್ಮ ಹೆಣ್ಣುಮಕ್ಕಳ ಮಾತಿನಲ್ಲಿ ಡಾಲರ್ ಎಂದರೆ ಸರಕ್ಕೆ ತೂಗುಹಾಕುವ ಪದಕ, ಇಲ್ಲಿನ ಮಾತು ಅದಲ್ಲ.) ಕೊಳ್ಳುವುದು ತಪ್ಪೆಂದು ನಾವು ಹೇಳುವುದಿಲ್ಲ. ಆದರೆ ಕೊಟ್ಟ ಹಣದಲ್ಲಿ ಬೆಳ್ಳಿಗೆ ಸಂದದ್ದೆಷ್ಟು, ಅಂಕೆಗೆ ಸಂದದ್ದೆಷ್ಟು ಎಂಬುದನ್ನು ಬೇರ್ಪಡಿಸಿ ಅರಿಯದವನು ಝಕಾತ್‌ನಲ್ಲಿಯೂ ಮಹ್ರ್‌ನಲ್ಲಿಯೂ ಲೆಕ್ಕ ತಪ್ಪುತ್ತಾನೆ.

ಆ ಅಂಕೆಯ ಮೂಲ ಹೀಗಿದೆ. ವಿಲಿಯಂ ಶೆಲ್ಡನ್ ಎಂಬವರು 1949ರಲ್ಲಿ ಅಮೆರಿಕದ ಹಳೆಯ ತಾಮ್ರದ ಸೆಂಟ್‌ಗಳಿಗಾಗಿ 1ರಿಂದ 70ರವರೆಗಿನ ಒಂದು ಅಳತೆಯನ್ನು ರೂಪಿಸಿದರು. ಚಲಾವಣೆಯಲ್ಲಿ ಸವೆಯದ ನಾಣ್ಯಕ್ಕೆ 60 ಮತ್ತು ಅದಕ್ಕಿಂತ ಮೇಲಿನ ಅಂಕೆ. ಸವೆದಷ್ಟೂ ಅಂಕೆ ಇಳಿಯುತ್ತದೆ. 1986ರಲ್ಲಿ ಪಿಸಿಜಿಎಸ್, 1987ರಲ್ಲಿ ಎನ್‌ಜಿಸಿ ಎಂಬ ಸಂಸ್ಥೆಗಳು ಹುಟ್ಟಿ, ಶುಲ್ಕ ಪಡೆದು ನಾಣ್ಯಗಳನ್ನು ಪರೀಕ್ಷಿಸಿ ಕವಚದಲ್ಲಿಟ್ಟು ಕೊಡತೊಡಗಿದವು. 1878ರಿಂದ ಟಂಕಿಸಲ್ಪಟ್ಟ ಮಾರ್ಗನ್ ಡಾಲರಿನ ತೂಕ 26.73 ಗ್ರಾಂ, ಅದರಲ್ಲಿ ನೂರಕ್ಕೆ 90 ಭಾಗ ಬೆಳ್ಳಿ. 63ರ ಅಂಕೆಯದರಲ್ಲಿಯೂ 66ರ ಅಂಕೆಯದರಲ್ಲಿಯೂ ಇರುವ ಬೆಳ್ಳಿ ಅಷ್ಟೇ. ಬೆಲೆಯಾದರೋ ಕೆಲವು ವರ್ಷಗಳ ನಾಣ್ಯಗಳಿಗೆ ಹಲವು ಪಟ್ಟು ಬೇರೆ. ಇದು ನಾಣ್ಯ ಅಸಲಿಯೆಂಬುದನ್ನೂ ಅದರ ಮುಖ ಎಷ್ಟು ಅಕ್ಷತವಾಗಿದೆ ಎಂಬುದನ್ನೂ ಕುರಿತು ಪರಿಣತರು ಕೊಟ್ಟ ಅಭಿಪ್ರಾಯ. ಹಾಲ್‌ಮಾರ್ಕ್ ಹೇಳುವುದು ಲೋಹದ ಶುದ್ಧತೆಯನ್ನು. ಎರಡನ್ನೂ ಒಂದೆಂದು ತಿಳಿದು ಕೊಳ್ಳುವವರಿದ್ದಾರೆ. ಕವಚವನ್ನೇ ನಕಲು ಮಾಡುವವರೂ ಇದ್ದಾರೆ. ಆದುದರಿಂದ ಕವಚದ ಮೇಲಿನ ಸಂಖ್ಯೆಯನ್ನು ಸಂಸ್ಥೆಯ ದಾಖಲೆಯೊಡನೆ ತಾಳೆ ನೋಡದೆ ಹಣ ಕೊಡಬಾರದು.

ನಮ್ಮ ಪೆಟ್ಟಿಗೆಗಳಲ್ಲಿರುವುದು ಹೆಚ್ಚಾಗಿ ಬ್ರಿಟಿಷರ ಕಾಲದ ರೂಪಾಯಿ. ಅದರ ತೂಕ 180 ಗ್ರೇನ್, ಅಂದರೆ 11.66 ಗ್ರಾಂ. ಅದೇ ಒಂದು ತೊಲ. ಝಕಾತ್‌ನ ನಿಸಾಬ್ ಐವತ್ತೆರಡೂವರೆ ತೊಲ ಬೆಳ್ಳಿ, ಮಹ್ರೆ ಫಾತಿಮಿ ನೂರ ಮೂವತ್ತೊಂದೂಕಾಲು ತೊಲ ಬೆಳ್ಳಿ ಎಂದು ನಮ್ಮ ಉಲಮಾಗಳು ಹೇಳುತ್ತ ಬಂದ ತೊಲ ಈ ರೂಪಾಯಿಯ ತೂಕವೇ. ಆದರೆ ನಾಣ್ಯ ಅಪ್ಪಟ ಬೆಳ್ಳಿಯಲ್ಲ. ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ, ಅಂದರೆ ಸುಮಾರು 10.69 ಗ್ರಾಂ. ಹನಫೀ ಮದ್‌ಹಬ್‌ನಲ್ಲಿ ಬೆಳ್ಳಿಯ ಅಂಶ ಮಿಗಿಲಾಗಿದ್ದರೆ ಇಡೀ ನಾಣ್ಯವನ್ನು ಬೆಳ್ಳಿಯೆಂದೇ ಎಣಿಸಲಾಗುತ್ತದೆ. ಹಾಗಾಗಿ ಸವೆಯದ 53 ರೂಪಾಯಿಗಳಿದ್ದರೆ ನಿಸಾಬ್ ತುಂಬಿತು. ಶಾಫಿಈ ಮದ್‌ಹಬ್‌ನಲ್ಲಿ ಶುದ್ಧ ಬೆಳ್ಳಿಗಷ್ಟೇ ಗಣನೆ. ಅದೇ ತೊಲದ ಲೆಕ್ಕ ಹಿಡಿದರೆ 58 ಬೇಕು. 1940ರಿಂದ ಈಚೆಗೆ ರೂಪಾಯಿಯಲ್ಲಿ ಬೆಳ್ಳಿ ಅರ್ಧಕ್ಕಿಳಿಯಿತು, 1947ರ ರೂಪಾಯಿ ಬರಿಯ ನಿಕಲ್. ಇವನ್ನೆಲ್ಲ ಒಂದೇ ಗಂಟಿನಲ್ಲಿಟ್ಟು ಎಣಿಸುವುದು ಸಲ್ಲದು.

ವರ್ಷ ನೋಡಿ ಬೆಲೆ ಏರುವುದು ಬೇರೆಯೇ ಸಂಗತಿ. 1911ರಲ್ಲಿ ಐದನೆಯ ಜಾರ್ಜನ ರೂಪಾಯಿ ಹೊರಬಂದಾಗ ದೊರೆಯ ಉಡುಪಿನ ಮೇಲಿದ್ದ ಆನೆ ಹಂದಿಯಂತೆ ಕಾಣುತ್ತದೆಂದು ಮುಸ್ಲಿಮರು ಆಕ್ಷೇಪಿಸಿದರು. ಸರಕಾರ ನಾಣ್ಯಗಳನ್ನು ಹಿಂದೆಗೆದು ಕರಗಿಸಿ, 1912ರಲ್ಲಿ ಆನೆಯನ್ನು ತಿದ್ದಿತು. ಉಳಿದದ್ದು ಕಡಿಮೆಯಾದುದರಿಂದ ಇಂದು 1911ರದಕ್ಕೆ ಹೆಚ್ಚಿನ ಬೇಡಿಕೆ. ನಮ್ಮ ಹಿರಿಯರು ಮುಟ್ಟಲು ಹೇಸಿದ ನಾಣ್ಯವನ್ನೇ ಮೊಮ್ಮಕ್ಕಳು ಹುಡುಕಿ ಕೊಳ್ಳುತ್ತಿದ್ದಾರೆ!

ದರ್ಜೆಯನ್ನು ಕೆಡಿಸುವುದರಲ್ಲಿ ಮಾತ್ರ ನಮ್ಮ ಅಡುಗೆಮನೆಗಳಿಗೆ ಸಾಟಿಯಿಲ್ಲ. ಹುಣಸೆಹಣ್ಣು, ಬೂದಿ, ಹಲ್ಲುಪುಡಿ ಹಾಕಿ ತಿಕ್ಕಿದರೆ ನಾಣ್ಯ ಹೊಳೆಯುತ್ತದೆ, ಮೂಲ ಹೊರಮೈ ಹೋಗುತ್ತದೆ. ಸರಕ್ಕೆ ಕೊಂಡಿ ಬೆಸೆದು ಆಮೇಲೆ ಕಿತ್ತ ರೂಪಾಯಿಗೂ ಅಷ್ಟೇ. ಇಂಥವಕ್ಕೆ ಪರೀಕ್ಷಕರು ಅಂಕೆಯನ್ನೇ ಕೊಡುವುದಿಲ್ಲ, ದೋಷವನ್ನಷ್ಟೇ ಬರೆಯುತ್ತಾರೆ. ತಿಕ್ಕಿದ ನಾಣ್ಯವನ್ನು ಹೊಸದರಂತಿದೆ ಎಂದು ಮಾರುವವರು, ಮದೀನಾದ ಪೇಟೆಯಲ್ಲಿ ಪ್ರವಾದಿ(ಸ)ಯವರು ಧಾನ್ಯದ ರಾಶಿಯೊಳಗೆ ಕೈಯಿಟ್ಟು ಅಡಿಯಲ್ಲಿ ಅಡಗಿಸಿದ್ದ ತೇವವನ್ನು ಹೊರಗೆಳೆದ ಸಂದರ್ಭವನ್ನು ಓದಬೇಕು.

ಇನ್ನು ವಿನಿಮಯ. ಹತ್ತು ಸಾಧಾರಣ ರೂಪಾಯಿಗಳನ್ನು ಕೊಟ್ಟು ದರ್ಜೆಯುಳ್ಳ ಒಂದನ್ನು ಪಡೆಯುವ ವ್ಯವಹಾರವನ್ನು ಸಹಜವೆಂದು ಭಾವಿಸುವವರಿದ್ದಾರೆ. ಹಝ್ರತ್ ಬಿಲಾಲ್(ರ) ಕೀಳು ಖರ್ಜೂರದ ಎರಡಳತೆ ಕೊಟ್ಟು ಉತ್ತಮ ಖರ್ಜೂರದ ಒಂದಳತೆ ತಂದಾಗ ಪ್ರವಾದಿ(ಸ)ಯವರು ಅದನ್ನು ಬಡ್ಡಿಯೆಂದೇ ಕರೆದು, ಕೀಳಾದುದನ್ನು ಮಾರಿ ಆ ಹಣದಿಂದ ಉತ್ತಮವಾದುದನ್ನು ಕೊಳ್ಳುವಂತೆ ತಿಳಿಸಿದರು. ಗುಣಭೇದವೇನೂ ಅಲ್ಲಿ ಸುಳ್ಳಾಗಿರಲಿಲ್ಲ. ಆದರೂ ಒಂದೇ ಜಾತಿಯ ವಸ್ತುವಿನಲ್ಲಿ ಆ ಭೇದಕ್ಕಾಗಿ ಅಳತೆಯನ್ನು ಏರಿಳಿಸಲು ಅನುಮತಿಯಿಲ್ಲ. ಬೆಳ್ಳಿಗೆ ಬೆಳ್ಳಿ ಸರಿತೂಕ, ಕೈಯಿಂದ ಕೈಗೆ. ಆದ್ದರಿಂದ ಹಳೆಯದನ್ನು ನೋಟಿಗೆ ಮಾರಿ, ನೋಟು ಕೊಟ್ಟೇ ಹೊಸದನ್ನು ಕೊಳ್ಳಬೇಕು.

ನಮ್ಮ ಸೀಮೆಯದೇ ಒಂದು ಮಾತು. 1763ರಲ್ಲಿ ಬಿದನೂರನ್ನು ಗೆದ್ದ ಹೈದರಲಿ ಅದನ್ನು ಹೈದರನಗರವೆಂದು ಕರೆದು ಅಲ್ಲಿ ಟಂಕಸಾಲೆ ನಡೆಸಿದ; ಟಿಪ್ಪುವಿನ ಕಾಲದಲ್ಲಿಯೂ ಅದು ನಡೆಯಿತು. ಇಂದು ಅದು ಹೊಸನಗರ ತಾಲ್ಲೂಕಿನ ನಗರ. ಟಿಪ್ಪು ತನ್ನ ಬೆಳ್ಳಿ ರೂಪಾಯಿಗೆ ಇಮಾಮಿ, ಎರಡು ರೂಪಾಯಿಗೆ ಹೈದರಿ ಎಂದು ಹೆಸರಿಟ್ಟಿದ್ದ. ಇಂಥ ನಾಣ್ಯ ಸಿಕ್ಕಿದವರು ದರ್ಜೆಗಾಗಿ ವಿದೇಶಕ್ಕೆ ಕಳುಹಿಸುವ ಆತುರಕ್ಕೆ ಬೀಳಬಾರದು. 1972ರ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪ್ರಾಚೀನ ವಸ್ತು. ಖಾಸಗಿ ವ್ಯಕ್ತಿ ಅದನ್ನು ದೇಶದಿಂದ ಹೊರಗೆ ಕಳುಹಿಸುವಂತಿಲ್ಲ. ವಿಕ್ಟೋರಿಯಾ ರಾಣಿಯ ರೂಪಾಯಿಯೂ ಅದರೊಳಗೇ ಬರುತ್ತದೆ.

ಝಕಾತ್‌ನ ವಿಷಯದಲ್ಲಿ ಹನಫೀ ಗ್ರಂಥಗಳು ಬೆಳ್ಳಿಯ ಹೂಜಿಯೊಂದರ ಉದಾಹರಣೆ ಕೊಡುತ್ತವೆ. ತೂಕ 200 ದಿರ್‌ಹಮ್, ಕುಸುರಿ ಕೆಲಸದ ದೆಸೆಯಿಂದ ಬೆಲೆ 300. ಝಕಾತನ್ನು ಆ ಹೂಜಿಯ ಬೆಳ್ಳಿಯಿಂದಲೇ ಕೊಟ್ಟರೆ ನಲವತ್ತನೆಯ ಒಂದು ಪಾಲು ಸಾಕು. ಬೇರೆ ಜಾತಿಯ ವಸ್ತುವಿನಿಂದ ಕೊಟ್ಟರೆ ಬೆಲೆಯನ್ನೇ ಲೆಕ್ಕ ಹಿಡಿಯಬೇಕು. ಕವಚದ ನಾಣ್ಯ ಇಂದಿನ ಹೂಜಿ. ನಾವೆಲ್ಲ ಝಕಾತ್ ಕೊಡುವುದು ನೋಟಿನಲ್ಲಿ. ಹೀಗಿರುವಾಗ ಕೊಳ್ಳುವಾಗ ಅಂಕೆಗೆ ಬೆಲೆ ತೆತ್ತು, ಝಕಾತ್‌ನ ದಿನ ಬೆಳ್ಳಿಯ ತೂಕವನ್ನಷ್ಟೇ ತೋರಿಸುವುದು ಬಡವನ ಪಾಲನ್ನು ತಡೆದಂತೆ. ಮಾರುವ ಉದ್ದೇಶದಿಂದಲೇ ಕೊಂಡಿದ್ದರೆ ಅದು ವ್ಯಾಪಾರದ ಸರಕು, ಮಾರುಕಟ್ಟೆ ಬೆಲೆಯ ಹೊರತು ಬೇರೆ ಮಾತೇ ಇಲ್ಲ. ಆ ಬೆಲೆಯನ್ನು ಪಟ್ಟಿಯಲ್ಲಿ ಅಚ್ಚಾದ ಅಂಕಿಯಿಂದ ಎತ್ತಿಕೊಳ್ಳಬಾರದು. ಅಂದು ಪೇಟೆಯಲ್ಲಿ ಮಾರಿದರೆ ನಿಜವಾಗಿ ಕೈಗೆ ಬರುವ ಮೊತ್ತವನ್ನು ವಿಚಾರಿಸಿ ಹಿಡಿಯಬೇಕು. ಮಹ್ರ್‌ಗೆ ಇಂಥ ನಾಣ್ಯ ಕೊಡುವವರು ನಿಕಾಹ್‌ನ ದಾಖಲೆಯಲ್ಲಿ ತೂಕ, ವರ್ಷ, ದರ್ಜೆ ಮೂರನ್ನೂ ಬರೆಸಬೇಕು. ತಂದೆ ತೀರಿದ ಮೇಲೆ ಪೆಟ್ಟಿಗೆಯ ರೂಪಾಯಿಗಳನ್ನು ಅಕ್ಕಸಾಲಿಗನ ತಕ್ಕಡಿಯಲ್ಲಿ ತೂಗಿ ಪಾಲು ಮಾಡುವ ಮೊದಲು, 1911ರದೇನಾದರೂ ಇದೆಯೇ ಎಂದು ಬಲ್ಲ ಅಣ್ಣನು ತಂಗಿಯರ ಎದುರಿನಲ್ಲೇ ನೋಡಿ ಹೇಳಬೇಕು.