ಕೂಲಿ ಎಂಬುದು ಮನುಷ್ಯನ ಹೆಸರಲ್ಲ

ಚಿಂಚೋಳಿ ತಾಲೂಕಿನ ಐನಾಪುರದ ಕಡೆ ತೊಗರಿ ಕೊಯ್ಯುವ ಹೆಣ್ಣುಮಕ್ಕಳು ಹೊತ್ತು ಮುಳುಗುವಾಗ ಹೊಲದ ಒಡೆಯನ ಮುಂದೆ ನಿಂತು, “ಇವತ್ತಿನ ಕೂಲಿ ಕೊಡ್ರಿ” ಎಂದು ಕೇಳುತ್ತಾರೆ. ಅವರ ಬಾಯಲ್ಲಿ ಕೂಲಿ ಎಂದರೆ ದುಡಿದುದಕ್ಕೆ ಬರತಕ್ಕ ಹಣ. ದುಡಿದವರು ಕೂಲಿಯವರು, ಕೂಲಿಕಾರರು. ನಮ್ಮ ಪೇಟೆಯಲ್ಲಿಯೂ ಹಾಗೆಯೇ: ಚೀಲ ಹೊತ್ತವನು ಹಮಾಲ, ಹೊತ್ತುದಕ್ಕೆ ಸಲ್ಲುವುದು ಹಮಾಲಿ. ಆಳು ಬೇರೆ, ಆಳಿಗೆ ಸಲ್ಲುವ ಹಣ ಬೇರೆ.

ಇಂಗ್ಲಿಷರು ಈ ಭೇದವನ್ನು ಅಳಿಸಿಬಿಟ್ಟರು. ಅವರ ಆಡುಮಾತಿನಲ್ಲಿ ಕೂಲಿ ಎಂದರೆ ಹೊರೆ ಹೊರುವ ಮನುಷ್ಯನೇ. ಆ ಶಬ್ದ ಗುಜರಾತದ ಕೋಲಿ ಜನರ ಹೆಸರಿನಿಂದ ಹುಟ್ಟಿತೆಂದು ಒಂದು ವಾದ. ಕನ್ನಡ ತಮಿಳುಗಳ ಕೂಲಿಯಿಂದಲೇ ಹೋಯಿತೆಂದು ಇನ್ನೊಂದು. ಎರಡೂ ಬೆರೆತಿರಬಹುದು. ಮೂಲ ಯಾವುದೇ ಇರಲಿ, ಆದ ಅನ್ಯಾಯ ಒಂದೇ. ಕೊಡಬೇಕಾದ ಹಣದ ನೆನಪು ಆ ಮಾತಿನಿಂದ ಹೋಯಿತು. ಹೊರುವ ಬೆನ್ನು ಮಾತ್ರ ಉಳಿಯಿತು.

ಇದು ಪಂಡಿತರ ಶಬ್ದಚರ್ಚೆಯಷ್ಟೇ ಅಲ್ಲ. 1834ರಲ್ಲಿ ಬ್ರಿಟಿಷ್ ವಸಾಹತುಗಳಲ್ಲಿ ಗುಲಾಮಗಿರಿಯನ್ನು ರದ್ದುಗೊಳಿಸಿದ ಮೇಲೆ ಕಬ್ಬಿನ ತೋಟಗಳಿಗೆ ಆಳು ಬೇಕಾಯಿತು. ಕರಾರು ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡು ನಮ್ಮ ದೇಶದ ಬಡವರನ್ನು ಮಾರಿಷಸ್, ಗಯಾನಾ, ಟ್ರಿನಿಡಾಡ್, ನೇಟಾಲ್, ಫಿಜಿಗಳಿಗೆ ಹಡಗಿನಲ್ಲಿ ಸಾಗಿಸಿದರು. ಅವರೆಲ್ಲರಿಗೂ ಒಂದೇ ಹೆಸರು, ಕೂಲಿ. ಚೀನದಿಂದ ಹೋದವರಿಗೂ ಅದೇ. 1893ರಲ್ಲಿ ದಕ್ಷಿಣ ಆಫ್ರಿಕೆಗೆ ಹೋದ ಗಾಂಧೀಜಿಯವರು ಅಲ್ಲಿನ ಬಿಳಿಯರ ಬಾಯಲ್ಲಿ ‘ಕೂಲಿ ಬ್ಯಾರಿಸ್ಟರ್’ ಆದರು. ಕಾನೂನು ಓದಿದರೂ ಆ ಹೆಸರು ಬಿಡಲಿಲ್ಲ. ಏಕೆಂದರೆ ಅದು ಕೆಲಸದ ಹೆಸರಾಗಿ ಉಳಿದಿರಲಿಲ್ಲ, ಬಣ್ಣದ ಹೆಸರಾಗಿತ್ತು. ಇಂದು ಇಂಗ್ಲಿಷ್ ನಿಘಂಟುಗಳೇ ಅದನ್ನು ಹಳೆಯ ಮಾತು, ಅವಮಾನದ ಮಾತು ಎಂದು ಗುರುತಿಸುತ್ತವೆ.

ನಾವೂ ನಿರಪರಾಧಿಗಳಲ್ಲ. ದೊರೆಗಳು ಕೆಡಿಸಿದ ಅರ್ಥವನ್ನೇ ತಿರುಗಿ ತಂದುಕೊಂಡು ರೈಲು ನಿಲ್ದಾಣಗಳಲ್ಲಿ “ಏ ಕೂಲಿ” ಎಂದು ಕೂಗಿದೆವು. 2016ರ ರೈಲ್ವೆ ಮುಂಗಡಪತ್ರದಲ್ಲಿ ಕೂಲಿಗಳನ್ನು ಇನ್ನು ‘ಸಹಾಯಕ’ ಎಂದು ಕರೆಯುವುದಾಗಿ ಸರಕಾರ ಸಾರಿತು. ಒಳ್ಳೆಯದೇ. ಆದರೆ ಆ ಹೆಸರಿನಿಂದ ಅವನಿಗೆ ತಿಂಗಳ ಪಗಾರ ಹುಟ್ಟಲಿಲ್ಲ. ಹೊತ್ತ ಗಂಟಿನ ಲೆಕ್ಕದಲ್ಲಿಯೇ ಅವನ ಹೊಟ್ಟೆ ನಡೆಯಬೇಕು. ನಮ್ಮ ಹೈದರಾಬಾದ ಕರ್ನಾಟಕವೂ 2019ರಲ್ಲಿ ಕಲ್ಯಾಣ ಕರ್ನಾಟಕವಾಯಿತು. ಹೆಸರು ಬದಲಾದ ಮಾತ್ರಕ್ಕೆ ಕಲ್ಯಾಣವಾಗುವುದಿಲ್ಲ ಎಂಬುದನ್ನು, ಚಿಂಚೋಳಿಯ ತಾಂಡಾಗಳಿಂದ ಮುಂಬೈ ಪುಣೆಗಳಿಗೆ ದುಡಿಯಲು ಹೋಗುವವರನ್ನು ಕೇಳಿದರೆ ಹೇಳುತ್ತಾರೆ.

ಆದ್ದರಿಂದ ಕೂಲಿ ಎಂಬ ಮಾತನ್ನೇ ಬಿಟ್ಟುಬಿಡೋಣ ಎನ್ನುವವರೊಡನೆ ನಮ್ಮ ಸಮ್ಮತಿಯಿಲ್ಲ. ಕನ್ನಡದಲ್ಲಿ ಅದು ಹಕ್ಕಿನ ಮಾತು. ಅದರ ಎದುರು ಮಾತು ಬಿಟ್ಟಿ. ನಿಜಾಮನ ಕಾಲದಲ್ಲಿ ಬಡವರು ಬಿಟ್ಟಿ ಬೇಗಾರಿ ಮಾಡಿ ಸವೆದ ಪ್ರದೇಶ ಇದು. 1948ರ ಸಪ್ಟಂಬರದಲ್ಲಿ ಆ ಆಳಿಕೆ ಮುಗಿಯಿತು. 1950ರಲ್ಲಿ ಸಂವಿಧಾನದ 23ನೆಯ ವಿಧಿ ಬೇಗಾರಿಯನ್ನು ನಿಷೇಧಿಸಿತು. ಬಿಟ್ಟಿಯ ನೊಗ ಕಳಚಿದವನ ಬಾಯಲ್ಲಿ ‘ನನ್ನ ಕೂಲಿ’ ಎಂಬುದು ದೈನ್ಯದ ನುಡಿಯಲ್ಲ, ಲೆಕ್ಕ ಕೇಳುವ ನುಡಿ.

ಆ ಲೆಕ್ಕ ಇನ್ನೂ ತೀರಿಲ್ಲ. ಸಮಾನ ಕೆಲಸಕ್ಕೆ ಹೆಣ್ಣಿಗೂ ಗಂಡಿಗೂ ಸಮಾನ ಕೂಲಿ ಎಂದು 1976ರಲ್ಲಿಯೇ ಶಾಸನವಾಯಿತು. ಹೊಲದಲ್ಲಿ ಮಾತ್ರ ಹೆಣ್ಣಾಳಿನ ಕೂಲಿ ಬೇರೆ, ಗಂಡಾಳಿನ ಕೂಲಿ ಬೇರೆ ಎಂಬ ರೂಢಿ ನಿಂತಿಲ್ಲ. 2005ರ ಉದ್ಯೋಗ ಖಾತ್ರಿ ಕಾಯ್ದೆ ಹದಿನೈದು ದಿನದೊಳಗೆ ಕೂಲಿ ಸಲ್ಲಬೇಕೆಂದು ಬರೆಯಿತು; ಆದರೂ ದುಡಿದವರು ತಿಂಗಳುಗಟ್ಟಲೆ ಕಾಯ್ದದ್ದುಂಟು.

ನಾವು ಹೇಳುವುದಿಷ್ಟೇ. ಮನುಷ್ಯನನ್ನು ಅವನ ಹೆಸರಿನಿಂದ ಕರೆಯಿರಿ. ಕೂಲಿಯನ್ನು ಅವನ ಕೈಗೆ ಕೊಡಿರಿ. ಸರಕಾರ ಗೊತ್ತುಮಾಡಿದ ಕನಿಷ್ಠ ಕೂಲಿ ಎಷ್ಟೆಂಬುದನ್ನು ಊರೂರಿನ ಪಂಚಾಯತಿ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಯಿಸಿರಿ. ಓದಲು ಬಾರದವರಿಗೆ ಓದಿ ಹೇಳುವ ಹೊಣೆ ನಮ್ಮ ಕಾರ್ಯಕರ್ತರದು. ಇಂಗ್ಲಿಷರು ಆ ಮಾತಿನಿಂದ ತೆಗೆದುಹಾಕಿದ ಅರ್ಥ ಆ ಗೋಡೆಯ ಮುಂದೆಯೇ ತಿರುಗಿ ಸೇರಬೇಕು.