ಶಬ್ದವಿಚಾರ: ಪೆಕ್ಯುಲೇಷನ್

ಸಂಘದ ಖಜಾಂಚಿಯೊಬ್ಬನು ತನ್ನ ವಶದಲ್ಲಿದ್ದ ಹಣವನ್ನು ತಾನೇ ತಿಂದುಹಾಕಿದನೆಂಬ ವರ್ತಮಾನವು ಪತ್ರಿಕೆಗಳಲ್ಲಿ ಬಾರದ ತಿಂಗಳು ಅಪರೂಪ. ಇಂಗ್ಲಿಷಿನಲ್ಲಿ ಇದಕ್ಕೆ ಸಾಧಾರಣವಾಗಿ ಎಂಬೆಜಲ್‌ಮೆಂಟ್ ಎನ್ನುವರು. ಹಣವು ಸಾರ್ವಜನಿಕರದಾಗಿದ್ದರೆ ಪೆಕ್ಯುಲೇಷನ್ ಎಂಬ ಬೇರೊಂದು ಶಬ್ದವೂ ಉಂಟು. ಈ ಎರಡನೆಯದು ಸಂಸ್ಕೃತ ಬಲ್ಲವರಿಗೆ ಹಳೆಯ ನಂಟು. ಆದ್ದರಿಂದ ಈ ಸಲ ಅದನ್ನೇ ಎತ್ತಿಕೊಂಡಿದ್ದೇನೆ.

ಲ್ಯಾಟಿನ್ ಭಾಷೆಯಲ್ಲಿ ‘ಪೆಕುಸ್’ ಎಂದರೆ ದನಕರು, ಮಂದೆ. ಇದು ನಮ್ಮ ‘ಪಶು’ ಶಬ್ದದ ಸಹೋದರ. ನಮ್ಮ ಶಕಾರವಿರುವಲ್ಲಿ ಅವರಲ್ಲಿ ಕಕಾರವಿರುವುದು ಸಾಮಾನ್ಯ ನಿಯಮ. ‘ಶತ’ವು ಅವರಿಗೆ ‘ಕೆಂಟುಂ’, ‘ದಶ’ವು ‘ದೆಕೆಂ’. ಈ ಪೆಕುಸ್ಸಿನಿಂದಲೇ ರೋಮನರು ಹಣಕ್ಕೆ ‘ಪೆಕೂನಿಯ’ ಎಂಬ ಹೆಸರನ್ನು ಮಾಡಿಕೊಂಡರು. ಗೋಧನವೆಂದು ಬಾಯ್ತುಂಬ ಹೇಳುವ ನಮಗೆ ಇದರಲ್ಲಿ ವಿಸ್ಮಯವೇನು? ವಿರಾಟನ ಗೋವುಗಳಿಗಾಗಿ ಕೌರವಸೇನೆಯೇ ಬಂದಿತು; ತುರುಗೋಳಿನಲ್ಲಿ ಹಸುಗಳನ್ನು ಬಿಡಿಸಲು ಹೋಗಿ ಮಡಿದವರ ವೀರಗಲ್ಲುಗಳು ಕನ್ನಡನಾಡಿನ ಊರೂರಲ್ಲಿಯೂ ನಿಂತಿವೆ. ‘ದನ’ವೆಂಬುದೇ ‘ಧನ’ದ ತದ್ಭವವೆಂದು ಹಿರಿಯರ ಎಣಿಕೆ. ಇಂಗ್ಲಿಷಿನ ‘ಕ್ಯಾಟಲ್’ ಶಬ್ದವೂ ಮೊದಲು ಸ್ವತ್ತೆಂಬ ಅರ್ಥದ್ದಾಗಿದ್ದು ಅನಂತರ ದನದ ಕೊಟ್ಟಿಗೆಗೆ ಇಳಿಯಿತು.

ಇನ್ನು ಹಣದಿಂದ ಕಳವಿಗೆ ದಾರಿ ಹೇಗೆ? ರೋಮಿನ ಧರ್ಮಶಾಸ್ತ್ರದಲ್ಲಿ ದಾಸನಿಗೂ, ತಂದೆಯ ಅಧೀನದಲ್ಲಿರುವ ಮಗನಿಗೂ ಸ್ವಂತ ಆಸ್ತಿಯೆಂಬುದಿರಲಿಲ್ಲ. ಆದರೆ ಯಜಮಾನನು ಸ್ವಲ್ಪ ಹಣವನ್ನೋ ಕರುವನ್ನೋ ಪ್ರತ್ಯೇಕವಾಗಿ ಬಿಟ್ಟುಕೊಟ್ಟು, ವ್ಯವಹಾರ ಮಾಡಿಕೊಳ್ಳೆಂದು ಹೇಳಬಹುದಾಗಿತ್ತು. ಆ ಗಂಟಿಗೆ ‘ಪೆಕೂಲಿಯುಂ’ ಎಂದು ಹೆಸರು. ಒಡೆತನ ಯಜಮಾನನದು, ಅನುಭವ ದಾಸನದು. ಕ್ರಮೇಣ ಆ ಶಬ್ದವು ‘ತನಗೇ ಸೇರಿದ್ದು’ ಎಂಬ ಅರ್ಥವನ್ನು ತಾಳಿತು; ಒಬ್ಬನಿಗೇ ವಿಶಿಷ್ಟವಾದದ್ದನ್ನು ಹೇಳುವ ‘ಪೆಕ್ಯುಲಿಯರ್’ ಅದರಿಂದಲೇ ಹುಟ್ಟಿತು. ಎಲ್ಲರದನ್ನು ತನ್ನದಾಗಿಸಿಕೊಳ್ಳುವ ಅಪರಾಧವು ‘ಪೆಕುಲಾತುಸ್’ ಎನಿಸಿತು. ಅಪರಾಧದ ಮರ್ಮವೆಲ್ಲವೂ ಈ ವ್ಯುತ್ಪತ್ತಿಯಲ್ಲಿಯೇ ಇದೆಯೆಂದು ನನಗೆ ತೋರುತ್ತದೆ.

ಎಂಬೆಜಲ್ ಎಂಬುದಕ್ಕೆ ಇಷ್ಟು ಸೊಗಸಿನ ವಂಶವಿಲ್ಲ. ಹಾಳುಮಾಡು ಎಂಬ ಅರ್ಥದ ಹಳೆಯ ಫ್ರೆಂಚ್ ಧಾತುವಿನಿಂದ ಬಂದಿತು. ಡಿಫಾಲ್ಕೇಶನ್ ಎಂಬ ಮೂರನೆಯದರಲ್ಲಿ ಲ್ಯಾಟಿನ್ನಿನ ಕುಡುಗೋಲು ಅಡಗಿದೆ, ಕೊಯ್ದುಕೊಳ್ಳುವವನ ಕೈಯಲ್ಲಿ ಇರತಕ್ಕದ್ದೇ! ಆದರೆ ಎಂಬೆಜಲ್‌ಮೆಂಟು ಇಂಗ್ಲೆಂಡಿನ ಕಾನೂನಿನಲ್ಲಿ ನೆಲೆಗೊಂಡ ಕಥೆಯು ಗೃಹಸ್ಥರು ತಿಳಿಯತಕ್ಕದ್ದಾಗಿದೆ. 1799ರಲ್ಲಿ ಬೇಜ್ಲಿ ಎಂಬ ಬ್ಯಾಂಕಿನ ಗುಮಾಸ್ತನು ಗಿರಾಕಿ ಕಟ್ಟಿದ ಹಣದಲ್ಲಿ 100 ಪೌಂಡಿನ ನೋಟೊಂದನ್ನು ಪೆಟ್ಟಿಗೆಯಲ್ಲಿಡದೆ ಜೇಬಿಗೆ ಸೇರಿಸಿದನು. ಕಳವೆಂದರೆ ಪರರ ವಶದಲ್ಲಿರುವುದನ್ನು ಎತ್ತುವುದು. ನೋಟು ಬ್ಯಾಂಕಿನ ವಶಕ್ಕೆ ಇನ್ನೂ ಬಂದೇ ಇರಲಿಲ್ಲ, ಆದ್ದರಿಂದ ಕಳವಲ್ಲವೆಂದು ನ್ಯಾಯಾಧೀಶರು ತೀರ್ಮಾನಿಸಿದರು. ಪೆಟ್ಟಿಗೆಯಲ್ಲಿಟ್ಟು ಮರುಕ್ಷಣವೇ ತೆಗೆದಿದ್ದರೆ ಕಳ್ಳನಾಗುತ್ತಿದ್ದನು! ತರ್ಕವು ನಿರ್ದುಷ್ಟ, ಫಲವು ಹಾಸ್ಯಾಸ್ಪದ. ಪಾರ್ಲಿಮೆಂಟು ಅದೇ ವರ್ಷ ಹೊಸ ಶಾಸನವೊಂದನ್ನು ಮಾಡಿ ಆ ಕಂಡಿಯನ್ನು ಮುಚ್ಚಿತು. 1968ರ ಕಳವಿನ ಶಾಸನವು ಬಂದ ಬಳಿಕ ಅಲ್ಲಿ ಈ ಪ್ರತ್ಯೇಕ ಅಪರಾಧವೇ ಇಲ್ಲ, ಎಲ್ಲವೂ ಕಳವೇ.

ನಮ್ಮ ಧರ್ಮಶಾಸ್ತ್ರಕಾರರು ಈ ಗೊಂದಲಕ್ಕೆ ಸಿಕ್ಕಲಿಲ್ಲ. ವ್ಯವಹಾರಪದಗಳು ಹದಿನೆಂಟರಲ್ಲಿ ನಿಕ್ಷೇಪವೂ ಒಂದು. ನಂಬಿ ಇಟ್ಟದ್ದನ್ನು ಹಿಂದಿರುಗಿಸದವನಿಗೆ ಮನುವು ಕಳ್ಳನಿಗಾಗುವ ಶಿಕ್ಷೆಯನ್ನೇ ವಿಧಿಸಿದನು. ರಾಜದ್ರವ್ಯದ ವಿಷಯದಲ್ಲಂತೂ ಕೌಟಿಲ್ಯನು ಅಧಿಕಾರಿಗಳು ಅಪಹರಿಸುವ ಉಪಾಯಗಳನ್ನು ನಲವತ್ತೆಂದು ಎಣಿಸಿಯೇ ಇಟ್ಟಿದ್ದಾನೆ. ಮೊದಲು ಬಂದದ್ದನ್ನು ತಡವಾಗಿ ಬರೆಯುವುದು, ಒಬ್ಬನಿಗೆ ಕೊಟ್ಟು ಮತ್ತೊಬ್ಬನ ಹೆಸರು ಹಾಕುವುದು, ತೂಕದಲ್ಲಿ ವ್ಯತ್ಯಾಸ ಮಾಡುವುದು, ಹೀಗೆ. 1909ರಲ್ಲಿ ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳು ಆ ಗ್ರಂಥವನ್ನು ಅಚ್ಚುಮಾಡಿಸಿದರು; ಇಂದಿನ ಲೆಕ್ಕಪರಿಶೋಧಕರು ಅದನ್ನು ಓದಿದರೆ ಹೊಸತೆಂದು ಭಾವಿಸಲಾರರು.

ಕೌಟಿಲ್ಯನ ಮಾತು ‘ಅಪಹಾರ’. ಈಗಿನ ವರದಿಗಳಲ್ಲಿ ಅದು ‘ಹಣ ದುರುಪಯೋಗ’ವಾಗಿದೆ. ಛತ್ರಿಯಿಂದ ನಾಯಿಯನ್ನು ಹೊಡೆದರೆ ಅದು ದುರುಪಯೋಗ. ವಿಧವೆಯೊಬ್ಬಳು ಸೊಸೈಟಿಯಲ್ಲಿಟ್ಟ ಠೇವಣಿಯನ್ನು ಕಾರ್ಯದರ್ಶಿಯು ಮನೆಗೆ ಸಾಗಿಸುವುದಕ್ಕೆ ಈ ಮಾತು ಹೇಗೆ ಸಾಕಾದೀತು? 2024ರ ಜುಲೈಯಿಂದ ನಡೆಯುತ್ತಿರುವ ಭಾರತೀಯ ನ್ಯಾಯಸಂಹಿತೆಯ 316ನೆಯ ಕಲಮಿಗೆ ‘ನಂಬಿಕೆದ್ರೋಹ’ವೆಂಬ ಹೆಸರು ಸಲ್ಲುತ್ತದೆ. ಹಿಂದಿನ ದಂಡಸಂಹಿತೆಯಲ್ಲಿ ಇದು 405ರಿಂದ 409ರವರೆಗಿನ ಕಲಮುಗಳಲ್ಲಿತ್ತು. ಸರ್ಕಾರಿ ನೌಕರನಾಗಲಿ ಬ್ಯಾಂಕಿನವನಾಗಲಿ ಈ ದ್ರೋಹವನ್ನು ಮಾಡಿದರೆ ಶಿಕ್ಷೆಯು ಆಜೀವ ಕಾರಾವಾಸದವರೆಗೂ ಹೋಗಬಹುದು. ಪತ್ರಿಕೆಯವರು ‘ದುರುಪಯೋಗ’ವನ್ನು ಬಿಟ್ಟು ಈ ಶಬ್ದವನ್ನೇ ಬಳಸಬಾರದೇಕೆ? ಹಳ್ಳಿಯವರಂತೆ ‘ನುಂಗಿದ’ ಎಂದು ಬರೆದರೂ ನನ್ನ ಆಕ್ಷೇಪವಿಲ್ಲ.