ಕಾಯಕಕ್ಕೂ ಮಿತಿಯುಂಟು

ಮರಳವಾಡಿ ಹೋಬಳಿಯ ರೇಷ್ಮೆ ಬೆಳೆಗಾರನು ಹುಳುವಿನ ಜ್ವರವನ್ನು ಚೆನ್ನಾಗಿ ಬಲ್ಲನು. ರೇಷ್ಮೆಹುಳುವು ಗೂಡು ಕಟ್ಟುವ ಮುನ್ನ ನಾಲ್ಕು ಬಾರಿ ಪೊರೆ ಕಳಚುತ್ತದೆ. ಆ ಸ್ಥಿತಿಯನ್ನೇ ಬೆಳೆಗಾರರು ಜ್ವರವೆನ್ನುತ್ತಾರೆ. ಎರಡನೆಯ ಜ್ವರ ಕಳೆದ ಹುಳುಗಳನ್ನು ಚಾಕಿ ಕೇಂದ್ರದಿಂದ ತಂದ ಮನೆಯಲ್ಲಿ ಮೂರನೆಯದೂ ನಾಲ್ಕನೆಯದೂ ನಡೆಯುತ್ತವೆ. ತಲೆಯೆತ್ತಿ ಅಲುಗದೆ ಕುಳಿತ ಹುಳುವಿಗೆ ಆಗ ಯಾರೂ ಸೊಪ್ಪು ಹಾಕುವುದಿಲ್ಲ, ಯಾರೂ ಮುಟ್ಟುವುದಿಲ್ಲ. ಹಾಸಿಗೆ ಒಣಗಿರಲೆಂದು ಸುಣ್ಣದ ಪುಡಿ ಉದುರಿಸಿ, ಗಾಳಿಯಾಡಲು ಬಿಟ್ಟು, ಸುಮಾರು ಒಂದು ದಿನ ಕಾಯುತ್ತಾರೆ. ಆ ಹೊತ್ತಿನಲ್ಲಿ ಹುಳುವನ್ನು ಕೆಣಕಿದರೆ ಬೆಳೆ ಕೆಡುತ್ತದೆಂಬುದು ಮನೆಯ ಮಕ್ಕಳಿಗೂ ಗೊತ್ತು.

ಹುಳುವಿನ ಬಿಡುವನ್ನು ಇಷ್ಟು ಜತನದಿಂದ ಕಾಯುವ ಮನೆಯವರು ತಮಗಾಗಿ ಅಂತಹ ಒಂದು ಗಳಿಗೆಯನ್ನೂ ಉಳಿಸಿಕೊಳ್ಳುವುದಿಲ್ಲವೆಂಬುದು ಸೋಜಿಗದ ಸಂಗತಿ. ನಾಲ್ಕನೆಯ ಜ್ವರ ಎದ್ದ ಹುಳುವು ತನ್ನ ಇಡೀ ಆಯುಷ್ಯದ ಆಹಾರದ ಬಹುಪಾಲನ್ನು ಒಂದು ವಾರದಲ್ಲಿ ತಿಂದು ಮುಗಿಸುತ್ತದೆ. ಆ ವಾರದಲ್ಲಿ ಸೊಪ್ಪು ಕೊಯ್ಯುವವರಿಗೂ ಹೊರುವವರಿಗೂ ನಿದ್ದೆಯಿಲ್ಲ. ಹಣ್ಣಾದ ಹುಳುಗಳನ್ನು ಆರಿಸಿ ಚಂದ್ರಿಕೆಗೆ ಬಿಡುವಾಗಲಂತೂ ಉಣ್ಣಲೂ ಪುರಸೊತ್ತಿಲ್ಲ. ಗೂಡು ಬಿಡಿಸಿ ರಾಮನಗರದ ಮಾರುಕಟ್ಟೆಗೆ ಒಯ್ದರೆ ಅಂದಿನ ಹರಾಜಿನಲ್ಲಿ ಯಾವ ಬೆಲೆ ಬೀಳುವುದೋ ಹೇಳಲಾಗದು. ಬನ್ನೇರುಘಟ್ಟದ ಕಾಡಿನಂಚಿನ ರಾಗಿ ಹೊಲಗಳಲ್ಲಿ ಆನೆಗಳ ಭಯದಿಂದ ಇರುಳೆಲ್ಲ ಕಾವಲು. ಮಗನು ಹಾರೋಹಳ್ಳಿಯ ಕಾರ್ಖಾನೆಗೋ ಬೆಂಗಳೂರಿಗೋ ಪಾಳಿಯ ಮೇಲೆ ಹೋಗಿಬರುವವನಾದರೆ, ಒಂದೇ ಮನೆಯವರು ಒಟ್ಟಿಗೆ ಕುಳಿತು ಉಂಡು ಎಷ್ಟೋ ದಿನಗಳಾಗಿರುತ್ತವೆ. ಇವೆಲ್ಲದರ ಮೇಲೆ ಸಾಲದ ಕಂತು. ಇಂತಹ ಬದುಕಿನಲ್ಲಿ ಮನಸ್ಸು ದಣಿಯದಿದ್ದರೇ ಆಶ್ಚರ್ಯ.

ಈ ದಣಿವನ್ನು ಹೇಳಿಕೊಳ್ಳಲು ಭಕ್ತರು ಸಂಕೋಚಪಡುವುದಕ್ಕೆ ಒಂದು ತಪ್ಪು ತಿಳಿವಳಿಕೆಯೂ ಕಾರಣವಾಗಿದೆ. ಕಾಯಕವನ್ನು ಕೈಲಾಸಕ್ಕೆ ಸಮವೆಂದ ಶರಣರ ಮಾತನ್ನು ಬಿಡುವಿಲ್ಲದೆ ದುಡಿಯಬೇಕೆಂಬ ಅಪ್ಪಣೆಯಂತೆ ಓದುವ ರೂಢಿ ಬೆಳೆದುಬಿಟ್ಟಿದೆ. ವೇದಿಕೆಗಳ ಮೇಲೆ ಹೀಗೆ ವ್ಯಾಖ್ಯಾನಿಸುವವರೂ ಕಡಿಮೆಯಿಲ್ಲ. ಕೂಲಿ ಕೊಡುವವನಿಗೆ ಈ ಅರ್ಥ ಬಹಳ ಅನುಕೂಲ! ಆದರೆ ಇದು ಶರಣರ ಅರ್ಥವಲ್ಲ.

ಆಯ್ದಕ್ಕಿ ಮಾರಯ್ಯನ ಪ್ರಸಂಗವನ್ನೇ ನೋಡಬಹುದು. ಕಲ್ಯಾಣದಲ್ಲಿ ಶರಣರ ಮನೆಗಳ ಮುಂದೆ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಅವನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದನು. ಪತ್ನಿ ಲಕ್ಕಮ್ಮನು ಅದನ್ನು ಒಪ್ಪಲಿಲ್ಲ. ಹೆಚ್ಚಿನದನ್ನು ಮರಳಿ ಸುರಿದು ಬರುವಂತೆ ಕಳಿಸಿದಳು. ಈ ಕಥೆಯನ್ನು ಆಸೆಯ ಖಂಡನೆಯೆಂದು ಮಾತ್ರ ಹೇಳುವುದುಂಟು. ಅದರಲ್ಲಿ ಇನ್ನೊಂದು ವಿವೇಕವೂ ಅಡಗಿದೆ: ಇಂದಿನ ಕೆಲಸವು ಎಲ್ಲಿಗೆ ಮುಗಿಯಿತೆಂಬುದು ಆ ಮನೆಯಲ್ಲಿ ಗೊತ್ತಿತ್ತು. ಮುಗಿಯಿತೆಂದು ಹೇಳಬಲ್ಲವರಿಗೆ ಮಾತ್ರ ನಿದ್ದೆ ಬರುತ್ತದೆ. ನಾಳೆಯ ಗೂಡಿನ ಬೆಲೆಯನ್ನು ಇಂದು ರಾತ್ರಿ ಹಾಸಿಗೆಯ ಮೇಲೆ ಎಣಿಸುವವನು ಆಯಬೇಕಿಲ್ಲದ ಅಕ್ಕಿಯನ್ನೇ ಆಯುತ್ತಿರುತ್ತಾನೆ.

ದಿನಕ್ಕೆ ಗಡಿ ಹಾಕುವ ಸಾಧನವೊಂದು ಭಕ್ತರ ಕೈಯಲ್ಲಿಯೇ ಇದೆ. ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ದೃಷ್ಟಿ ನೆಟ್ಟು ಕುಳಿತ ಹೊತ್ತಿನಲ್ಲಿ ಉಸಿರು ತಾನಾಗಿ ನಿಧಾನವಾಗುತ್ತದೆ, ಕೈಗೆ ಬೇರೆ ಕೆಲಸವಿರುವುದಿಲ್ಲ, ಯಾರೂ ಕರೆಯುವುದಿಲ್ಲ. ಮೊಬೈಲನ್ನು ಬದಿಗಿಟ್ಟು ಕುಳಿತರೆ ಮಾತ್ರ ಇದು ನಿಜ. ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ 1907ರ ಏಪ್ರಿಲ್ 1ರಂದು ಜನಿಸಿ 2019ರ ಜನವರಿ 21ರಂದು ಲಿಂಗೈಕ್ಯರಾದ ಸಿದ್ಧಗಂಗೆಯ ಶ್ರೀ ಶಿವಕುಮಾರ ಸ್ವಾಮಿಗಳವರು ಸಾವಿರಾರು ಮಕ್ಕಳ ಅನ್ನ ಮತ್ತು ವಿದ್ಯೆಯ ಹೊಣೆ ಹೊತ್ತಿದ್ದರು. ಆ ಹೊಣೆಯ ನಡುವೆಯೂ ಪೂಜೆಯ ವೇಳೆ ಮತ್ತು ಮಿತವಾದ ಊಟವನ್ನು ಅವರು ಬಿಡಲಿಲ್ಲ. ಅವರಷ್ಟು ಕೆಲಸವಿದ್ದವರು ಈ ನಾಡಿನಲ್ಲಿ ಎಷ್ಟು ಮಂದಿ?

ಉಳಿದ ಉಪಾಯಗಳು ಇನ್ನೂ ಸರಳ. ಆನೆ ಕಾವಲಿಗೆ ಅಕ್ಕಪಕ್ಕದ ಹೊಲದವರು ಸರದಿ ಹಾಕಿಕೊಂಡರೆ ಪ್ರತಿಯೊಬ್ಬರಿಗೂ ಕೆಲವು ರಾತ್ರಿಗಳ ನಿದ್ದೆ ಉಳಿಯುತ್ತದೆ. ಒಬ್ಬನೇ ಕತ್ತಲಲ್ಲಿ ಕೂರುವ ಭಯವೂ ತಗ್ಗುತ್ತದೆ. ನಿದ್ದೆ ಬರಲೆಂದು ಕುಡಿಯುವುದು ಮಾತ್ರ ಉಪಾಯವಲ್ಲ. ಮದ್ಯವು ಬೇಗ ಮಲಗಿಸಿದರೂ ನಡುರಾತ್ರಿಯ ಮೇಲೆ ನಿದ್ದೆಯನ್ನು ಒಡೆಯುತ್ತದೆ. ತಂಬಾಕಿನ ಹೊಗೆ ಹುಳುವಿಗೆ ಆಗದೆಂದು ಬೀಡಿಯನ್ನು ಹುಳುಮನೆಯ ಹೊರಗೇ ಎಸೆಯುವವರು ಅದೇ ಹೊಗೆ ತಮಗೆ ಆಗುತ್ತದೆಂದು ಹೇಗೆ ನಂಬುವರೋ ತಿಳಿಯದು.

ಆದರೆ ಎಲ್ಲವೂ ಪೂಜೆಯಿಂದಲೂ ವಿಶ್ರಾಂತಿಯಿಂದಲೂ ಸರಿಹೋಗುತ್ತದೆಂದು ಹೇಳುವುದು ಸುಳ್ಳಾಗುತ್ತದೆ. ವಾರಗಟ್ಟಲೆ ನಿದ್ದೆಯಿಲ್ಲದೆ, ಊಟ ಸೇರದೆ, ಬದುಕೇ ಬೇಡವೆನಿಸಿದರೆ ಅದು ಭಕ್ತಿಯ ಕೊರತೆಯಲ್ಲ. ಚಿಕಿತ್ಸೆ ಬೇಕಾದ ಬೇನೆ. ಮರಳವಾಡಿಯಿಂದ ಕಾಡಿನ ಆಚೆಗಿರುವ, ಬನ್ನೇರುಘಟ್ಟದ ಬಳಿಯ ಸಕಲವಾರದಲ್ಲಿ 1970ರ ದಶಕದಲ್ಲಿಯೇ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಹಳ್ಳಿಗರಿಗಾಗಿ ಮಾನಸಿಕ ಆರೋಗ್ಯ ಕೇಂದ್ರವನ್ನು ತೆರೆಯಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರೂ ಕಾರ್ಯಕರ್ತರೂ ಇಂತಹ ಬೇನೆಯನ್ನು ಗುರುತಿಸಬಲ್ಲರೆಂಬುದನ್ನು ಅಲ್ಲಿನ ಕೆಲಸ ತೋರಿಸಿತು. 1982ರಲ್ಲಿ ಆರಂಭವಾದ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೂ ಆ ಅನುಭವ ನೆರವಾಯಿತು. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಹಗಲಿರುಳು ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಸಾಲದ ವಿಷಯವನ್ನು ಮನೆಯವರಿಗೂ ಹೇಳಲಾರದವರು ಈ ಸಂಖ್ಯೆಯನ್ನು ಬರೆದಿಟ್ಟುಕೊಳ್ಳುವುದು ಲೇಸು.

ಮನೆಯ ಹೆಣ್ಣುಮಕ್ಕಳ ದಣಿವು ಲೆಕ್ಕಕ್ಕೇ ಬಾರದೆ ಉಳಿಯುವುದನ್ನೂ ಹೇಳಬೇಕು. ಸೊಪ್ಪು ಕೊಯ್ದು, ಹುಳುವಿನ ಹಾಸಿಗೆ ಶುಚಿಮಾಡಿ, ಹಸುವಿನ ಹಾಲು ಕರೆದು, ಎಲ್ಲರಿಗೂ ಮುದ್ದೆ ತಿರುವಿಟ್ಟು ಕಡೆಯಲ್ಲಿ ಮಲಗುವವಳೂ ಬೆಳಗ್ಗೆ ಮೊದಲು ಏಳುವವಳೂ ಅವಳೇ. ಲಕ್ಕಮ್ಮನನ್ನು ಕೊಂಡಾಡುವ ಮನೆಗಳಲ್ಲಿ ಹುಳು ಜ್ವರಕ್ಕೆ ಕುಳಿತ ದಿನ ಗಂಡಸರು ಒಲೆಯ ಮುಂದೆ ಕುಳಿತರೆ, ಅವಳು ಒಂದು ಮಧ್ಯಾಹ್ನವಾದರೂ ಕಣ್ಣು ಮುಚ್ಚಿ ಮಲಗಿಯಾಳು.